ಖುಲಾಸೆಯಾದ ಮೇಲೂ ನನಗೆ ಶಿಕ್ಷೆಯಾಯಿತು

ಸನ್ನಡತೆಯ ಮುಚ್ಚಳಿಕೆ ಬರೆದುಕೊಟ್ಟು ಹೊರಗಿದ್ದಾಗ ಎರಡನೆಯ ಕೇಸು, ಅದರಲ್ಲಿ ಖುಲಾಸೆ, ಆದರೂ ಹಳೆಯ ನ್ಯಾಯಾಲಯದಿಂದ ಸಮನ್ಸ್. ಒಂದೇ ಆರೋಪಕ್ಕೆ ಎರಡು ಬಾರಿ ವಿಚಾರಣೆ ಹೇಗೆ ಎಂದು ಕೇಳಿದ್ದೀರಿ. ಇದು ನನ್ನದೇ ಕಥೆ, ನಿಮ್ಮ ಪ್ರಶ್ನೆಯಲ್ಲಿ ನನ್ನ ಹೆಸರೊಂದೇ ಇಲ್ಲ.

ಜೆ.ಸಿ. ರಸ್ತೆಯ ವಾಹನ ಬಿಡಿಭಾಗಗಳ ಅಂಗಡಿಯಲ್ಲಿದ್ದಾಗ ಹೊಡೆದಾಟದಲ್ಲಿ ಒಬ್ಬನ ಕೈಮೂಳೆ ಮುರಿದಿದ್ದೆ. ಮೊದಲ ಅಪರಾಧವೆಂದು ಮ್ಯಾಜಿಸ್ಟ್ರೇಟರು 1958ರ ಅಪರಾಧಿಗಳ ಪರಿವೀಕ್ಷಣಾ (ಪ್ರೊಬೇಷನ್) ಕಾಯ್ದೆಯ ಸೆಕ್ಷನ್ 4ರಂತೆ ಕೂಡಲೇ ಶಿಕ್ಷೆ ವಿಧಿಸದೆ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಅದರ ಷರತ್ತು: ಶಾಂತಿಯಿಂದಿರಬೇಕು, ಕರೆದಾಗ ಬಂದು ಶಿಕ್ಷೆ ಅನುಭವಿಸಬೇಕು. ಅವಧಿ ಮುಗಿಯುವ ಮೊದಲೇ ಶ್ರೀರಾಮಪುರದಲ್ಲಿ ಬೈಕ್ ನಿಲ್ಲಿಸುವ ಜಾಗಕ್ಕೆ ನೆರೆಯವನೊಂದಿಗೆ ಜಗಳ, ಮತ್ತೆ ಎಫ್‌ಐಆರ್. ವಿಚಾರಣೆಯ ಹೊತ್ತಿಗೆ ರಾಜಿಯಾಗಿದ್ದೆವು. ಅವನು ಪ್ರತಿಕೂಲ ಸಾಕ್ಷಿಯಾದ, ಅಂದರೆ ತನ್ನ ಮೊದಲ ಹೇಳಿಕೆಯಿಂದ ಹಿಂದೆ ಸರಿದ. ಅನುಮಾನದ ಲಾಭ ಸಿಕ್ಕಿ ನಾನು ಖುಲಾಸೆಯಾದೆ.

ನಾನು ಕೆಟ್ಟದ್ದು ಅದಕ್ಕೂ ಮೊದಲೇ. ಮುಚ್ಚಳಿಕೆಯ ಅವಧಿಯಲ್ಲಿ ನನ್ನ ಮೇಲೆ ಕಣ್ಣಿಟ್ಟಿದ್ದ ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ಒಳ್ಳೆಯ ಮನುಷ್ಯರು, ಹೋದಾಗಲೆಲ್ಲ ಅಮ್ಮನ ಸಕ್ಕರೆ ಕಾಯಿಲೆಯ ಬಗ್ಗೆ ವಿಚಾರಿಸುತ್ತಿದ್ದರು. ಅವರ ಮನಸ್ಸು ಕೆಡಬಾರದೆಂದು ಎಫ್‌ಐಆರ್ ಆದ ಕೂಡಲೇ, ವಕೀಲರನ್ನೂ ಕೇಳದೆ, ಒಂದು ಪತ್ರ ಕೊಟ್ಟೆ: ಮಾತಿಗೆ ಮಾತು ಬೆಳೆದು ನಾನೇ ಮೊದಲು ಕೈ ಮಾಡಿದೆ, ಕ್ಷಮಿಸಿ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಈ ಅಧಿಕಾರಿ ಪೊಲೀಸರಲ್ಲ, ನನ್ನ ನಡತೆಯ ಬಗ್ಗೆ ನ್ಯಾಯಾಲಯಕ್ಕೆ ವರದಿ ಕೊಡುವವರು ಎಂಬುದು ಮಾತ್ರ ಹೊಳೆಯಲಿಲ್ಲ. ಎರಡನೆಯ ಕೇಸಿನ ಕಡತದಲ್ಲಿ ಆ ಪತ್ರ ಇರಲಿಲ್ಲ, ಹಾಗಾಗಿ ಬಚಾವಾದೆ. ಹಳೆಯ ಕೇಸಿಗೆ ಬಂದ ವರದಿಗೆ ಅದನ್ನೇ ಲಗತ್ತಿಸಲಾಗಿತ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರ ಕೆಲಸ ಅವರು ಮಾಡಿದರು.

ಒಂದೇ ಆರೋಪಕ್ಕೆ ಎರಡು ಬಾರಿ ವಿಚಾರಣೆ ಎಂಬ ನಿಮ್ಮ ವಾದವನ್ನು ಕೈಬಿಡಿ. ಸಂವಿಧಾನದ 20(2)ನೇ ವಿಧಿ ಇಲ್ಲಿ ನೆರವಿಗೆ ಬರುವುದಿಲ್ಲ. ಈಗ ನಿಮ್ಮ ತಲೆಯ ಮೇಲಿರುವುದು ಹಳೆಯ ಅಪರಾಧಕ್ಕೆ ಅಂದು ತಡೆಹಿಡಿದ ಶಿಕ್ಷೆ. ಎರಡನೆಯ ಕೇಸಿನಲ್ಲಿ ಆರೋಪ ಸಂಶಯಾತೀತವಾಗಿ ಸಾಬೀತಾಗಬೇಕಿತ್ತು. ಮುಚ್ಚಳಿಕೆಯ ಷರತ್ತು ಮೀರಿದವರಿಗೆ ಅನ್ವಯಿಸುವುದು ಅದೇ ಪರಿವೀಕ್ಷಣಾ ಕಾಯ್ದೆಯ ಸೆಕ್ಷನ್ 9. ಅದರಲ್ಲಿ ನೀವು ಷರತ್ತು ಮೀರಿದ್ದೀರಿ ಎಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ ಸಾಕು. ಅನುಮಾನದ ಲಾಭದಿಂದ ಬಂದ ಖುಲಾಸೆಗೆ ಅಲ್ಲಿ ಹೆಚ್ಚು ತೂಕವಿಲ್ಲ.

ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ದಾರಿಯಿದೆ. ಮೊದಲ ಬಾರಿ ಷರತ್ತು ಮೀರಿದವರಿಗೆ ಮುಚ್ಚಳಿಕೆಯನ್ನು ಮುಂದುವರಿಸಿ 50 ರೂಪಾಯಿ ಮೀರದ ದಂಡ ಹಾಕಬಹುದು. ಇಂದು ಬೆಂಗಳೂರಿನ ಎಷ್ಟೋ ದರ್ಶಿನಿಗಳಲ್ಲಿ ಮಸಾಲೆ ದೋಸೆಗೂ ಸಾಲದ ಮೊತ್ತ. ನನ್ನ ವಕೀಲರು ಖುಲಾಸೆ ಆದೇಶವನ್ನೇ ಮತ್ತೆ ಮತ್ತೆ ಓದಿದರೇ ಹೊರತು ಇದನ್ನು ಕೇಳಲೇ ಇಲ್ಲ. ನಾನು ಪರಪ್ಪನ ಅಗ್ರಹಾರ ನೋಡಿದೆ. ನಿಮ್ಮ ವಕೀಲರೂ ಖುಲಾಸೆಯಾಗಿದೆ, ಚಿಂತೆ ಬೇಡ ಎನ್ನುತ್ತಿದ್ದರೆ ವಕಾಲತ್ತು ಬದಲಿಸಿ.

ಸುಳ್ಳು ಹೇಳಿ ಎನ್ನುತ್ತಿಲ್ಲ. ಕೇಸು ದಾಖಲಾದ ವಿಷಯವನ್ನಷ್ಟೇ ಅಧಿಕಾರಿಗೆ ತಿಳಿಸಿ, ಉಳಿದದ್ದು ವಕೀಲರ ಬಾಯಿಂದ ಬರಲಿ. ಕೆಲಸ ಕೊಟ್ಟವರ ಪತ್ರ ತನ್ನಿ, ಜಾಮೀನುದಾರರನ್ನು ಖುದ್ದಾಗಿ ಕರೆತನ್ನಿ. ಈಗಾಗಲೇ ಏನಾದರೂ ಬರೆದುಕೊಟ್ಟಿದ್ದರೆ ಅದರ ಪ್ರತಿ ಇಂದೇ ವಕೀಲರ ಕೈ ಸೇರಲಿ.