ಹೈಬ್ರಿಡ್ ಕಾರಿನ 12 ವೋಲ್ಟ್ ಬ್ಯಾಟರಿ ಪದೇ ಪದೇ ಡೌನ್ ಆಗುತ್ತಿದ್ದರೆ ಎಲ್ಲಿಂದ ಹುಡುಕಬೇಕು?

ನಿಮ್ಮ ಸ್ಟ್ರಾಂಗ್ ಹೈಬ್ರಿಡ್ ಕಾರನ್ನು ಎರಡು ವಾರ ಬೇಸ್‌ಮೆಂಟಿನಲ್ಲಿ ನಿಲ್ಲಿಸಿ ಊರಿಗೆ ಹೋಗಿ ಬಂದಾಗ ರಿಮೋಟಿಗೆ ಬಾಗಿಲೇ ತೆರೆಯಲಿಲ್ಲ, ಜಂಪ್ ಕೊಟ್ಟ ಮೇಲೆ ಚೆನ್ನಾಗಿ ಓಡಿದ ಕಾರು ಮೂರು ದಿನ ನಿಂತ ಮೇಲೆ ಮತ್ತೆ ಕೈಕೊಟ್ಟಿತು, ಡ್ಯಾಶ್‌ಬೋರ್ಡಿನಲ್ಲಿ ಹೈಬ್ರಿಡ್ ಎಚ್ಚರಿಕೆ ಕಂಡ ಮೆಕ್ಯಾನಿಕ್ ಕಾರನ್ನು ಓಡಿಸುವ ಹೈವೋಲ್ಟೇಜ್ ದೊಡ್ಡ ಬ್ಯಾಟರಿಯನ್ನೇ ಬದಲಿಸಬೇಕೆಂದರು ಎಂದು ಬರೆದಿದ್ದೀರಿ. ಎಂಜಿನಿನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕೆಟ್ಟಿರಬಹುದೇ ಎಂದೂ ಕೇಳಿದ್ದೀರಿ. ದಯವಿಟ್ಟು ಆ ದೊಡ್ಡ ಖರ್ಚಿಗೆ ಈಗಲೇ ಒಪ್ಪಬೇಡಿ. ನಾನು ಆಟೋ ಎಲೆಕ್ಟ್ರಿಕಲ್ ಕೆಲಸದಲ್ಲಿರುವವನು. ನೀವು ಹೇಳಿದ ಲಕ್ಷಣಗಳೆಲ್ಲ ಚಿಕ್ಕ 12 ವೋಲ್ಟ್ ಬ್ಯಾಟರಿಯತ್ತಲೇ ಬೊಟ್ಟು ಮಾಡುತ್ತಿವೆ.

ಟೊಯೊಟಾ ಪ್ರಿಯಸ್ ಮಾದರಿಯ ಸ್ಟ್ರಾಂಗ್ ಹೈಬ್ರಿಡ್‌ಗಳಲ್ಲಿ ಆಲ್ಟರ್ನೇಟರ್ ಇರುವುದೇ ಇಲ್ಲ. ಎಂಜಿನನ್ನು ತಿರುಗಿಸುವುದು ಹೈವೋಲ್ಟೇಜ್ ಮೋಟಾರು. ಚಿಕ್ಕ ಬ್ಯಾಟರಿ ಮಾಡುವ ಕೆಲಸವೆಂದರೆ ಕಂಪ್ಯೂಟರುಗಳನ್ನು ಎಚ್ಚರಿಸುವುದು ಮತ್ತು ದೊಡ್ಡ ಬ್ಯಾಟರಿಯನ್ನು ವ್ಯವಸ್ಥೆಗೆ ಜೋಡಿಸುವ ರಿಲೇಗಳನ್ನು (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚುಗಳನ್ನು) ಎಳೆಯುವುದು. ಸಾಮಾನ್ಯ ಕಾರಿನಲ್ಲಿ ಬ್ಯಾಟರಿ ಸೊರಗಿದರೆ ಸೆಲ್ಫ್ ನಿಧಾನವಾಗಿ ಎಳೆಯುವ ಸದ್ದಿನಿಂದಲೇ ನಮಗೆ ಸುಳಿವು ಸಿಗುತ್ತದೆ. ಇಲ್ಲಿ ಅಂಥ ಸುಳಿವೇನೂ ಇಲ್ಲದ ಕಾರಣ ಅರ್ಧ ಸತ್ತ ಬ್ಯಾಟರಿಯೂ ತಿಂಗಳುಗಟ್ಟಲೆ ದಿನ ದೂಡಿ, ಒಂದು ಬೆಳಿಗ್ಗೆ ಏಕಾಏಕಿ ನಿಂತುಬಿಡುತ್ತದೆ. ವೋಲ್ಟೇಜ್ ಕುಸಿದಾಗ ಕಂಪ್ಯೂಟರುಗಳ ನಡುವಿನ ಸಂಪರ್ಕ ತಪ್ಪಿ ಒಂದಕ್ಕೊಂದು ಸಂಬಂಧವಿಲ್ಲದ ದೀಪಗಳೆಲ್ಲ ಹೊತ್ತಿಕೊಳ್ಳುತ್ತವೆ. ಆದ್ದರಿಂದ ಮೆಕ್ಯಾನಿಕ್ ಬಳಿ ಸ್ಕ್ಯಾನರ್ ತೋರಿಸಿದ ದೋಷದ ಕೋಡ್ ಯಾವುದು ಎಂದು ಕೇಳಿ. ಪಿ0ಎ80 ಬಂದಿದ್ದರೆ ದೊಡ್ಡ ಬ್ಯಾಟರಿಯ ಮಾತು ನಿಜವಿರಬಹುದು. ಪಿ0560 ಅಥವಾ ಯು ಅಕ್ಷರದಿಂದ ಶುರುವಾಗುವ ಕೋಡ್‌ಗಳಷ್ಟೇ ಇದ್ದರೆ ಮೊದಲು ಚಿಕ್ಕ ಬ್ಯಾಟರಿಯನ್ನು ನೋಡಬೇಕು. (ಬೆಲ್ಟಿನಿಂದ ತಿರುಗುವ ಜನರೇಟರ್ ಇರುವ ಮೈಲ್ಡ್ ಹೈಬ್ರಿಡ್‌ಗಳ ಲೆಕ್ಕ ಬೇರೆ, ಅದನ್ನು ಇಲ್ಲಿ ತರುವುದಿಲ್ಲ.)

ಒಂದು ಸಾಧಾರಣ ಮಲ್ಟಿಮೀಟರ್ ಇದ್ದರೆ ಸಾಕು. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಬಿಟ್ಟು, ಟರ್ಮಿನಲ್ಲಿನ ಮೇಲೆಯೇ ಅಳೆಯಿರಿ. 12.6 ವೋಲ್ಟ್ ಆಸುಪಾಸಿನಲ್ಲಿದ್ದರೆ ಚಾರ್ಜ್ ಉಳಿದುಕೊಂಡಿದೆ ಎಂದರ್ಥ, 12.2 ಬಂದರೆ ಸುಮಾರು ಅರ್ಧ, 12ಕ್ಕಿಂತ ಕೆಳಗಿದ್ದರೆ ಬ್ಯಾಟರಿಯ ಆಯಸ್ಸು ಮುಗಿದಿರುವ ಸಾಧ್ಯತೆಯೇ ಹೆಚ್ಚು. 12.6 ತೋರಿಸಿದರೂ ಅಂಗಡಿಯಲ್ಲಿ ಒಮ್ಮೆ ಲೋಡ್ ಟೆಸ್ಟ್ ಮಾಡಿಸಿ, ಏಕೆಂದರೆ ಹಳೆಯ ಬ್ಯಾಟರಿ ವೋಲ್ಟೇಜನ್ನು ಸರಿಯಾಗಿಯೇ ತೋರಿಸಿ ಲೋಡ್ ಬಿದ್ದೊಡನೆ ಕುಸಿಯುವುದುಂಟು. ಅನಂತರ ಕಾರನ್ನು ರೆಡಿ ಸ್ಥಿತಿಗೆ (ಡ್ಯಾಶ್‌ಬೋರ್ಡಿನಲ್ಲಿ ರೆಡಿ ದೀಪ ಉರಿದು ಕಾರು ಓಡಲು ಸಿದ್ಧವಾದ ಸ್ಥಿತಿಗೆ) ತಂದು ಮತ್ತೆ ಅಳೆಯಿರಿ. ದೊಡ್ಡ ಬ್ಯಾಟರಿಯ ವಿದ್ಯುತ್ತನ್ನು ಇಳಿಸಿ ಚಿಕ್ಕದಕ್ಕೆ ಕೊಡುವ ಡಿಸಿ-ಡಿಸಿ ಕನ್ವರ್ಟರ್ ಸರಿಯಿದ್ದರೆ ಮೀಟರಿನಲ್ಲಿ 13.5ರಿಂದ 14.5ರ ನಡುವೆ ಬರುತ್ತದೆ. ರೆಡಿ ದೀಪ ಉರಿಯುತ್ತಿದ್ದೂ 12.3, 12.2 ಎಂದು ಇಳಿಯುತ್ತಲೇ ಹೋದರೆ ಚಾರ್ಜ್ ಆಗುತ್ತಿಲ್ಲ. ಆಗಲೂ ನೇರ ಕನ್ವರ್ಟರಿನ ಮೇಲೆ ತಪ್ಪು ಹೊರಿಸದೆ ಟರ್ಮಿನಲ್ಲಿನ ಬಿಳಿ ಪುಡಿ, ಬಾಡಿ ಅರ್ತ್ ಬೋಲ್ಟು, ದೊಡ್ಡ ಫ್ಯೂಸು, ಇನ್ವರ್ಟರನ್ನು (ದೊಡ್ಡ ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ಹೊಂದಿಸಿ ಕೊಡುವ ಪೆಟ್ಟಿಗೆಯನ್ನು) ತಂಪಾಗಿಡುವ ಕೂಲಂಟಿನ ಮಟ್ಟ ಇವನ್ನು ನೋಡಿರಿ. ಕಿತ್ತಳೆ ಬಣ್ಣದ ಕೇಬಲ್ಲುಗಳನ್ನು ಮಾತ್ರ ಮುಟ್ಟಲೇಬೇಡಿ. ಎರಡನೇ ತಲೆಮಾರಿನ ಪ್ರಿಯಸ್‌ನ ಬ್ಯಾಟರಿಯೇ 201.6 ವೋಲ್ಟಿನದು, ಅದನ್ನು ಇನ್ವರ್ಟರ್ 500 ವೋಲ್ಟಿನವರೆಗೂ ಏರಿಸುತ್ತದೆ. ಅದು ತರಬೇತಿ ಪಡೆದವರ ಕೆಲಸ.

ನಿಮ್ಮ ಕಾರಿನ ವಿಷಯದಲ್ಲಿ ನನ್ನ ಅನುಮಾನ ಹೆಚ್ಚಾಗಿ ಇರುವುದು ಕಾರು ನಿಂತಿರುವಾಗ ಆಗುವ ಸೋರಿಕೆಯ ಮೇಲೆ. ಬಾಗಿಲು ಹಾಕಿ ನಿಲ್ಲಿಸಿದ ಕಾರು 20ರಿಂದ 50 ಮಿಲಿಆಂಪಿಯರ್ ಎಳೆಯುವುದು ಸಹಜ. ಮೂವತ್ತರ ಲೆಕ್ಕದಲ್ಲಿ ಎರಡು ವಾರಕ್ಕೆ ಹೋಗುವುದು ಹತ್ತು ಆಂಪಿಯರ್-ಅವರ್ (ಬ್ಯಾಟರಿ ಹಿಡಿದಿಡುವ ವಿದ್ಯುತ್ತಿನ ಅಳತೆ) ಅಷ್ಟೆ, 45 ಆಂಪಿಯರ್-ಅವರ್ ಬ್ಯಾಟರಿಗೆ ಅದು ಭಾರವಲ್ಲ. ಆದರೆ ಡ್ಯಾಶ್‌ಕ್ಯಾಮ್ ಪಾರ್ಕಿಂಗ್ ಮೋಡ್‌ನಲ್ಲಿ 300 ಮಿಲಿಆಂಪಿಯರ್ ಎಳೆಯುತ್ತಿದ್ದರೆ ದಿನಕ್ಕೆ 7.2, ಮೂರು ದಿನಕ್ಕೆ 21.6 ಆಂಪಿಯರ್-ಅವರ್, ಅರ್ಧ ಸಾಮರ್ಥ್ಯ ಕಳೆದುಕೊಂಡ ಬ್ಯಾಟರಿ ಅಲ್ಲಿಗೆ ಬರಿದಾಗುತ್ತದೆ. ಹೊರಗಿನಿಂದ ಹಾಕಿಸಿದ ಕ್ಯಾಮೆರಾ, ಜಿಪಿಎಸ್ ಟ್ರ್ಯಾಕರ್, ಆಂಪ್ಲಿಫೈಯರ್ ಏನಿದ್ದರೂ ಮೊದಲು ಅವುಗಳ ತಂತಿ ಬಿಚ್ಚಿ ನೋಡಿರಿ. ಅವಿಲ್ಲದಿದ್ದರೆ ಬಾಗಿಲುಗಳನ್ನು ಮುಚ್ಚಿ, ಸ್ಮಾರ್ಟ್ ಕೀಯನ್ನು ದೂರ ಇಟ್ಟು, ಕಂಪ್ಯೂಟರುಗಳು ಮಲಗಲು ಅರ್ಧ ಗಂಟೆ ಬಿಡಿ. ಫ್ಯೂಸನ್ನು ಕೀಳದೆ ಅದರ ತಲೆಯ ಮೇಲಿರುವ ಎರಡು ಲೋಹದ ಚುಕ್ಕೆಗಳಿಗೆ ಮೀಟರಿನ ಮೊನೆಗಳನ್ನಿಟ್ಟು ಮಿಲಿವೋಲ್ಟ್ ಅಳೆಯಿರಿ. ಸೊನ್ನೆ ಬಂದರೆ ಆ ದಾರಿಯಲ್ಲಿ ಹೇಳಿಕೊಳ್ಳುವಂಥ ಕರೆಂಟ್ ಇಲ್ಲ. ಸಂಖ್ಯೆ ಎದ್ದು ಕಾಣುವ ಫ್ಯೂಸಿನ ಹಿಂದೆ ಕಳ್ಳನಿದ್ದಾನೆ. ಫ್ಯೂಸ್ ಕಿತ್ತು ಹಾಕಿದರೆ ಮಲಗಿದ ಕಂಪ್ಯೂಟರ್ ಎಚ್ಚರಗೊಂಡು ಲೆಕ್ಕ ತಪ್ಪುತ್ತದೆ, ಅದಕ್ಕೇ ಈ ವಿಧಾನ.

ಬ್ಯಾಟರಿ ಡಿಕ್ಕಿಯಲ್ಲಿದ್ದರೆ ಒಂದು ಮುನ್ನೆಚ್ಚರಿಕೆ ಬೇಕು. ಹಲವು ಕಾರುಗಳಲ್ಲಿ ಡಿಕ್ಕಿಯ ಬೀಗ ತೆರೆಯುವುದು ವಿದ್ಯುತ್ತಿನಿಂದಲೇ ಆದ್ದರಿಂದ, ಟರ್ಮಿನಲ್ ಬಿಚ್ಚಿದ ಮೇಲೆ ಅದನ್ನು ಮುಚ್ಚಿಕೊಳ್ಳಲು ಬಿಡಬೇಡಿ. ಜಂಪ್ ಕೊಡುವಾಗ ಬಾನೆಟ್ ಒಳಗಿನ ಫ್ಯೂಸ್ ಬಾಕ್ಸಿನಲ್ಲಿ ಅದಕ್ಕೆಂದೇ ಇರುವ ಪಾಯಿಂಟನ್ನು ಬಳಸಿ, ಪ್ಲಸ್ ಮೈನಸ್ ಎರಡೆರಡು ಸಲ ನೋಡಿ ಹಿಡಿಸಿ. ಅದಲುಬದಲಾದರೆ ಫ್ಯೂಸಷ್ಟೇ ಅಲ್ಲ, ಕನ್ವರ್ಟರೂ ಹೋಗಬಹುದು. ನಿಮ್ಮ ಕಾರಿನಿಂದ ಬೇರೆ ಕಾರಿಗೆ ಜಂಪ್ ಕೊಡಲಂತೂ ಹೋಗಬೇಡಿ.

ಬ್ಯಾಟರಿಯನ್ನೇ ಬದಲಿಸಬೇಕಾಗಿ ಬಂದರೆ, ಕ್ಯಾಬಿನ್ನಿನೊಳಗೋ ಡಿಕ್ಕಿಯಲ್ಲೋ ಇರುವ ಬ್ಯಾಟರಿಗೆ ಅನಿಲವನ್ನು ಹೊರಗೆ ಬಿಡುವ ಕೊಳವೆ ಜೋಡಿಸುವ ಎಜಿಎಂ (ಆಮ್ಲವನ್ನು ಗಾಜಿನ ನಾರಿನ ಹಾಸಿನಲ್ಲಿ ಹೀರಿಸಿಟ್ಟ) ಮಾದರಿಯನ್ನೇ ಕೇಳಿ ತರಿಸಿ. ಸಾಮಾನ್ಯ ಬ್ಯಾಟರಿ ಬಿಡುವ ಹೈಡ್ರೋಜನ್ ಒಳಗೇ ಸೇರುವುದು ಅಪಾಯ. ಮುಂದೆ ಕಾರು ನಿಂತೇ ಇರುವ ವಾರಗಳಲ್ಲಿ ಒಮ್ಮೆ ಗೇರು ಪಿ ಯಲ್ಲಿಟ್ಟು ಅರ್ಧ ಮುಕ್ಕಾಲು ಗಂಟೆ ರೆಡಿ ಸ್ಥಿತಿಯಲ್ಲಿ ಬಿಡಬಹುದು. ಆದರೆ ಎಂಜಿನ್ ತಾನಾಗಿಯೇ ಶುರುವಾಗುತ್ತದೆ, ಬೇಸ್‌ಮೆಂಟಿನಲ್ಲಿ ಹೊಗೆ ತುಂಬುತ್ತದೆ, ಹಾಗಾಗಿ ಕಾರನ್ನು ಬಯಲಿಗೆ ತಂದು ಈ ಕೆಲಸ ಮಾಡಿ. ರೆಡಿ ದೀಪವಿಲ್ಲದೆ ಬರೀ ಹಾಡು ಕೇಳುತ್ತ ಕೂತರೆ ಚಿಕ್ಕ ಬ್ಯಾಟರಿಯಿಂದ ಖರ್ಚಾಗುತ್ತದೆಯೇ ಹೊರತು ಚಾರ್ಜ್ ಆಗುವುದಿಲ್ಲ.

ನಿಂತಾಗಿನ ವೋಲ್ಟೇಜ್, ರೆಡಿಯಲ್ಲಿನ ವೋಲ್ಟೇಜ್, ಸ್ಕ್ಯಾನರ್ ತೋರಿಸಿದ ಕೋಡ್ ಇವಿಷ್ಟನ್ನು ಕೆಳಗೆ ಬರೆಯಿರಿ. ಕಾರಿಗೆ ಹೊರಗಿನಿಂದ ಏನೇನು ಹಾಕಿಸಿದ್ದೀರಿ ಎಂಬುದನ್ನೂ ಸೇರಿಸಿದರೆ ಮುಂದಿನ ದಾರಿ ಹೇಳುತ್ತೇನೆ.