‘ಚೀನಾದೊಳಗೊಂದು ಆಫ್ರಿಕಾ’ ಲೇಖನದ ಕುರಿತು: ಮೊದಲು ಕಂಟೇನರ್ ತುಂಬಿಸಿ

ನಮಸ್ಕಾರ.

ಗುವಾಂಗ್‌ಝೌ ನಗರದ ಆಫ್ರಿಕನ್ ವ್ಯಾಪಾರಿಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ. ವಿಷಯಕ್ಕೆ ಬೇಕಾದ ಜೀವ ಅದರೊಳಗೇ ಇದೆ, ನಿಮ್ಮ ವಾಕ್ಯಗಳ ಕೆಳಗೆ ಹೂತುಹೋಗಿದೆ.

ಮೊದಲ ತೊಡಕು ಮೊದಲ ಪುಟದಲ್ಲೇ ಇದೆ. ಇವರೆಲ್ಲ ‘ಬಡತನದಿಂದ ಓಡಿಬಂದು ನೆಲೆ ಕಂಡುಕೊಂಡವರು’ ಎಂದು ಬರೆದಿದ್ದೀರಿ. ಹೆಚ್ಚಿನವರು ನೆಲೆ ನಿಂತವರಲ್ಲ, ಸರಕು ಕೊಳ್ಳಲು ಬಂದು ಹೋಗುವವರು. ಕೈಯಲ್ಲಿ ಬಂಡವಾಳವಿಲ್ಲದೆ ಆ ದಾರಿ ಹಿಡಿಯಲಾಗದು. ನಗರದ ಆಫ್ರಿಕನ್ನರ ಲೆಕ್ಕವೆಂದು ನೀವು ಕೊಟ್ಟ ‘ಎರಡು ಲಕ್ಷ’ ಬಾಯಿಂದ ಬಾಯಿಗೆ ಬಂದ ಸಂಖ್ಯೆ, ತೆಗೆದುಹಾಕಿ. 2014ರ ಅಕ್ಟೋಬರ್‌ನಲ್ಲಿ ನಗರಾಡಳಿತ ಕೊಟ್ಟ ಲೆಕ್ಕ ಸುಮಾರು 16,000. ಅವರಲ್ಲಿ ನೆಲೆಸಿದವರು ಸುಮಾರು 4,000. ಈ ಎರಡು ಸಂಖ್ಯೆಗಳ ನಡುವಿನ ಸಂಬಂಧವೇ ನಿಮ್ಮ ಲೇಖನದ ಬೆನ್ನೆಲುಬಾಗಬೇಕು. ನಿಂತವರು ಯಾಕೆ ನಿಂತರು? ಬಂದು ಹೋಗುವವರ ಕೆಲಸ ನಡೆಯಲಿ ಎಂದು.

ಅದನ್ನು ತೋರಿಸಲು ಒಂದು ಸರಕಿನ ಬೆನ್ನುಹತ್ತಿ. 20 ಅಡಿ ಕಂಟೇನರ್‌ನ ಒಳಜಾಗ ಸುಮಾರು 33 ಘನ ಮೀಟರ್. ಪೆಟ್ಟಿಗೆ ಜೋಡಿಸುವಾಗ ಸಂದಿಗೊಂದಿ ಕಳೆದು ದಕ್ಕುವುದು 28ರ ಆಸುಪಾಸು. 60×40×40 ಸೆಂಟಿಮೀಟರ್ ಪೆಟ್ಟಿಗೆಯಾದರೆ ಸುಮಾರು 290 ಹಿಡಿಯುತ್ತವೆ. ಸಣ್ಣ ವ್ಯಾಪಾರಿ ಒಬ್ಬನೇ ಅಷ್ಟು ತುಂಬಿಸಲಾರ, ಹಾಗಾಗಿ ನಾಲ್ಕೈದು ಜನ ಸೇರಿ ಒಂದು ಕಂಟೇನರ್ ಹಂಚಿಕೊಳ್ಳುತ್ತಾರೆ. ವಿಮಾನದಲ್ಲಿ ಕಳಿಸಿದರೆ ಲೆಕ್ಕ ಬೇರೆ: ಅದೇ ಪೆಟ್ಟಿಗೆ ತಕ್ಕಡಿಯಲ್ಲಿ 10 ಕಿಲೊ ತೂಗಿದರೂ ಗಾತ್ರದ ಮೇಲೆ 16 ಕಿಲೊಗೆ ಬಾಡಿಗೆ ಬೀಳುತ್ತದೆ. ಚಪ್ಪಲಿಯನ್ನು ಡಬ್ಬಿಯಿಂದ ತೆಗೆದು, ಡಬ್ಬಿಯನ್ನು ಚಪ್ಪಟೆ ಮಡಚಿ ಕಟ್ಟುವುದು ಅದಕ್ಕೇ. ‘ಬೀದಿ ತುಂಬ ಗಜಿಬಿಜಿ’ ಎಂದು ನೀವು ಬರೆದಿರುವ ಕಡೆ ಪ್ಯಾಕಿಂಗ್ ಟೇಪ್ ಎಳೆಯುವ ಚರ್‌ರ್ ಸದ್ದು ಬರಲಿ. ಅಂಗಡಿಯ ಗಲ್ಲೆಯ ಮೇಲೆ ಒಂದೇ ಕ್ಯಾಲ್ಕುಲೇಟರ್ ಕೊಳ್ಳುವವನ ಕೈಯಿಂದ ಮಾರುವವಳ ಕೈಗೆ ಹೋಗಿ ಬರುವುದನ್ನು ಬರೆಯಿರಿ. ಭಾಷೆ ಬಾರದ ಇಬ್ಬರು ಚೌಕಾಸಿ ಮಾಡುವುದು ಅದರಲ್ಲೇ.

ವ್ಯವಹಾರ ಕೆಡುವುದು ಎಲ್ಲಿ ಎಂಬುದನ್ನು ನೀವು ಮುಟ್ಟಿಯೇ ಇಲ್ಲ. ಸಾಮಾನ್ಯವಾಗಿ ಶೇ. 30ರಷ್ಟು ಮುಂಗಡ ಕೊಟ್ಟು ಆರ್ಡರ್ ಹಾಕುತ್ತಾರೆ, ಉಳಿದದ್ದು ಸರಕು ಸಿದ್ಧವಾದಾಗ. ಕಾರ್ಖಾನೆ ತಡಮಾಡಿತು, ವೀಸಾ 30 ದಿನದ್ದು, ಅವಧಿ ಮುಗಿಯಿತು ಎಂದಿಟ್ಟುಕೊಳ್ಳಿ. ಅಲ್ಲೇ ಉಳಿದರೆ ಎಚ್ಚರಿಕೆ, ಗಂಭೀರವಾದರೆ ದಿನಕ್ಕೆ 500 ಯುವಾನ್‌ನಂತೆ 10,000ದವರೆಗೆ ದಂಡ, ಇಲ್ಲವೇ 5ರಿಂದ 15 ದಿನ ಬಂಧನ. 2013ರ ಜುಲೈನಿಂದ ಜಾರಿಯಲ್ಲಿರುವ ಕಾನೂನು ಇದು. ಊರಿಗೆ ಮರಳಿದರೆ, ಮಾದರಿಯಲ್ಲಿ ತೋರಿಸಿದ್ದಕ್ಕಿಂತ ತೆಳು ಬಟ್ಟೆ ಪೆಟ್ಟಿಗೆಯೊಳಗೆ ಸೇರಬಹುದು. ಪೆಟ್ಟಿಗೆ ಬಿಚ್ಚಿ ನೋಡಲು, ಗೋದಾಮಿನಲ್ಲಿ ಕಾಯ್ದಿಡಲು, ಬಾಕಿ ಹಣ ಕೊಡಲು ನಂಬಿಕಸ್ಥರು ಅಲ್ಲೇ ಇರಬೇಕಾಗುತ್ತದೆ. ಆ 4,000 ಜನರ ಬಹಳಷ್ಟು ದುಡಿಮೆ ಇಂಥದ್ದು.

ನಗರ ಬದಲಾದದ್ದು ಇಲ್ಲಿಂದ. 1997ರ ಏಷ್ಯಾ ಹಣಕಾಸು ಬಿಕ್ಕಟ್ಟಿನ ನಂತರ ಬ್ಯಾಂಕಾಕ್, ಜಕಾರ್ತಾ ಕಡೆ ವ್ಯಾಪಾರ ಮಾಡುತ್ತಿದ್ದ ಆಫ್ರಿಕನ್ನರು ಇತ್ತ ತಿರುಗಿದರು. ನಗರದ ಶಿಯಾವೊಬೆ ಪ್ರದೇಶದ ತಿಯಾನ್‌ಶಿಯು ಕಟ್ಟಡದ ಕೆಳ ಅಂತಸ್ತುಗಳಲ್ಲಿ ಅಂಗಡಿ, ಮೇಲೆ ಕಚೇರಿ, ಮನೆ. ಅಲ್ಲಿ ಮಾಲಿ, ಗಿನಿ ಮುಂತಾದ ಪಶ್ಚಿಮ ಆಫ್ರಿಕಾದ ಮುಸ್ಲಿಮರು ಹೆಚ್ಚು. ಇನ್ನೊಂದು ಪ್ರದೇಶವಾದ ಸಾನ್‌ಯುವಾನ್‌ಲಿಯ ಬಟ್ಟೆ ಮಾರುಕಟ್ಟೆಗಳಲ್ಲಿ ನೈಜೀರಿಯಾದ ಇಗ್ಬೊ ಜನ. ನೀವು ಎರಡನ್ನೂ ಕಲಸಿಬಿಟ್ಟಿದ್ದೀರಿ. ‘ಸ್ಥಳೀಯ ಚೀನಿಯರು’ ಎಂಬ ಮಾತೂ ಅರ್ಧ ಸತ್ಯ. ಆ ಬೀದಿಗಳ ಅಂಗಡಿಯವರಲ್ಲಿ, ಹಲಾಲ್ ಹೋಟೆಲಿನವರಲ್ಲಿ ಎಷ್ಟೋ ಮಂದಿ ಬೇರೆ ಪ್ರಾಂತ್ಯಗಳಿಂದ ಬಂದವರು, ಈ ನಗರದ ನಿವಾಸಿಗಳೆಂಬ ಸರ್ಕಾರಿ ನೋಂದಣಿಯಿಲ್ಲದೆ ಬಾಡಿಗೆಗಿರುವವರು. ಇಬ್ಬರು ವಲಸಿಗರು ಎದುರುಬದುರು ಕೂತು ಕಟ್ಟಿದ ಪೇಟೆ ಅದು. ನಮ್ಮ ಮಟ್ಟಿಗೆ ಇಡೀ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದದ್ದಿಲ್ಲ. ನೀವು ಕೊಟ್ಟಿರುವುದು ಅರ್ಧ ಸಾಲು.

‘ಚಾಕೊಲೇಟ್ ಸಿಟಿ’ ಎಂಬ ಹೆಸರನ್ನು ಪ್ರೀತಿಯ ಅಡ್ಡಹೆಸರೆಂಬಂತೆ ನಾಲ್ಕು ಸಲ ಬಳಸಿದ್ದೀರಿ. ಅದು ಮೈಬಣ್ಣ ನೋಡಿ ಹೊರಗಿನವರು ಇಟ್ಟ ಹೆಸರು. ಒಮ್ಮೆ ಹೇಳಿ, ಹಾಗೆಂದು ತಿಳಿಸಿ, ಬಿಟ್ಟುಬಿಡಿ.

2009ರ ಜುಲೈನಲ್ಲಿ ಪಾಸ್‌ಪೋರ್ಟ್ ತಪಾಸಣೆಯಿಂದ ತಪ್ಪಿಸಿಕೊಳ್ಳಲು ಜಿಗಿದ ನೈಜೀರಿಯನ್ ವ್ಯಾಪಾರಿ ಗಾಯಗೊಂಡಾಗ ಆತನ ಜೊತೆಗಾರರು ಪೊಲೀಸ್ ಠಾಣೆಯ ಮುಂದೆ ರಸ್ತೆ ತಡೆದರು. ನೀವದನ್ನು ‘ಗಲಭೆ’ ಎಂದಿರಿ; ಪ್ರತಿಭಟನೆ ಎನ್ನಿ. 2020 ಕೂಡ ಬರಬೇಕು. ಮಾರ್ಚ್ ಕೊನೆಗೆ ಚೀನಾ ಗಡಿ ಮುಚ್ಚಿತು. ಏಪ್ರಿಲ್‌ನಲ್ಲಿ ಸೋಂಕಿನ ಭಯದ ನೆಪದಲ್ಲಿ ಆಫ್ರಿಕನ್ನರನ್ನು ಬಾಡಿಗೆ ಮನೆಗಳಿಂದ ಹೊರಹಾಕಿದರು, ಹೋಟೆಲುಗಳು ಒಳಬಿಡಲಿಲ್ಲ, ಜನ ಬೀದಿಯಲ್ಲಿ ಮಲಗಿದರು. ಆಫ್ರಿಕಾದ ರಾಯಭಾರಿಗಳು ಒಟ್ಟಾಗಿ ಪತ್ರ ಬರೆದು ಪ್ರತಿಭಟಿಸಿದರು. ಆ ತಿಂಗಳು ನಗರದಲ್ಲಿದ್ದ ಆಫ್ರಿಕನ್ನರೆಂದು ನಗರಾಡಳಿತ ಹೇಳಿದ ಸಂಖ್ಯೆ 4,553. ಇದನ್ನು 2014ರ ಲೆಕ್ಕದ ಪಕ್ಕದಲ್ಲಿಡಿ, ಬೇರೆ ಮಾತು ಬೇಡ.

ಕೊನೆಯಲ್ಲಿ ಬೆಂಗಳೂರಿನ ಕಮ್ಮನಹಳ್ಳಿಯನ್ನು ತಂದು ಜೋಡಿಸಿದ್ದು ಒಗ್ಗುವುದಿಲ್ಲ. ಅಲ್ಲಿಗೆ ಬಂದವರಲ್ಲಿ ಓದಲು ಬಂದವರೇ ಹೆಚ್ಚು. ಅವರ ಕಷ್ಟಸುಖಕ್ಕೆ ಬೇರೆಯದೇ ಲೇಖನ ಬೇಕು, ಅದನ್ನೂ ಬರೆಯಿರಿ. ಇನ್ನೊಂದು ಮಾತು: ವೀಸಾ ಮುಗಿದವರ ಹೆಸರು, ಅಂಗಡಿ ಸಂಖ್ಯೆ, ಮುಖ ಕಾಣುವ ಫೋಟೊ ಯಾವುದೂ ಬೇಡ. ಓದುಗರಿಗೆ ಅದರಿಂದ ಏನೂ ಸಿಗದು, ಅವರಿಗೆ ಗಡೀಪಾರಾದೀತು.

ನಿಮ್ಮ ಏಳನೇ ಪ್ಯಾರಾದಲ್ಲಿ ಕಿನ್ಶಾಸಾದಿಂದ ಬಂದ ಮಹಿಳೆ ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ ‘ಇದಲ್ಲ’ ಎಂದು ತಲೆಯಾಡಿಸುತ್ತಾಳೆ. ಲೇಖನ ಅಲ್ಲಿಂದ ಶುರುವಾಗಲಿ. ಮೊದಲ ಆರು ಪ್ಯಾರಾ ತೆಗೆದು, 1,400 ಪದಗಳೊಳಗೆ ಮತ್ತೆ ಕಳಿಸಿ.