ಕೂಡಿಟ್ಟದ್ದು ಎಲ್ಲಿ ಹೋಯಿತು?

ಪತ್ರ: “ಕಳೆದ ಸಂಚಿಕೆಯಲ್ಲಿ ಗುಳೆ ಹೋಗುವವರ ಬಗ್ಗೆ ಓದಿದೆ. ಮಳೆಯಾದ ವರ್ಷ ನಾಲ್ಕು ಕಾಸು ಕೂಡಿಡದೆ ಮದುವೆ, ಜಾತ್ರೆ ಎಂದು ಕಳೆದು, ಬರ ಬಂದಾಗ ಸರ್ಕಾರದ ಕಡೆ ಕೈಚಾಚುವುದು ಸರಿಯೇ? ನಾನೂ ಸಣ್ಣ ಸಂಬಳದಲ್ಲೇ ಮಕ್ಕಳನ್ನು ಓದಿಸಿದವನು.”
– ಓದುಗರೊಬ್ಬರು, ಮೈಸೂರು

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕಷ್ಟಪಟ್ಟು ಮಕ್ಕಳನ್ನು ದಡ ಸೇರಿಸಿದವರ ಮಾತಿಗೆ ತೂಕವಿದೆ. ಆದರೆ ನಿಮ್ಮ ಸಂಬಳ ಸಣ್ಣದಾದರೂ ತಿಂಗಳು ತಿಂಗಳು ಕೈಸೇರುತ್ತಿತ್ತು. ರಾಯಚೂರು, ಯಾದಗಿರಿ ಕಡೆ ಮಳೆ ನಂಬಿದ ಮೂರೆಕರೆಯವರಿಗೆ ಹೊಲದ ದುಡ್ಡು ಬರುವುದು ವರ್ಷಕ್ಕೊಮ್ಮೆ. ಎಷ್ಟು ಬರುತ್ತದೆ ಎಂಬುದು ತೊಗರಿ ರಾಶಿಯಾಗುವವರೆಗೆ ತಿಳಿಯದು. ಸಂಘದ ಸಾಲದ ಕಂತು ಮಾತ್ರ ವಾರ ತಪ್ಪುವುದಿಲ್ಲ.

ಅವರು ಕೂಡಿಡುವುದಿಲ್ಲ ಎಂಬುದನ್ನು ನಾನು ಒಪ್ಪಲಾರೆ. ಹಿಂದೆ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದರು. ಒಂದು ಬರವನ್ನು ಅದು ದಾಟಿಸುತ್ತಿತ್ತು. ಈಗ ಹೊಲದಲ್ಲಿ ಹತ್ತಿ. ಉಳಿತಾಯವೆಂದರೆ ಕೊಟ್ಟಿಗೆಯ ಜೋಡೆತ್ತು, ನಾಲ್ಕು ಆಡು, ಹೆಂಡತಿಯ ಕಿವಿಯೋಲೆ.

ಬರದ ವರ್ಷವೊಂದರಲ್ಲಿ ರಾಯಚೂರು ಜಿಲ್ಲೆಯ ಒಂದು ದನದ ಸಂತೆಯಲ್ಲಿ ನಿಂತಿದ್ದೆ. ದಲ್ಲಾಳಿ ಮತ್ತು ರೈತ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕೇಳುತ್ತಿದ್ದರು. ರೈತ ಮೂರು ಸಲ ಕೈ ಕಿತ್ತುಕೊಂಡ. ನಾಲ್ಕನೇ ಸಲ ಸುಮ್ಮನಾದ. ಕೊಂಡ ಬೆಲೆಯ ಅರ್ಧವೂ ಸಿಗಲಿಲ್ಲ ಎಂದು ಆಮೇಲೆ ಹೇಳಿದ. ಸಿಗುವುದಾದರೂ ಹೇಗೆ? ಮೇವಿಲ್ಲದೆ ಸುತ್ತಲಿನ ಊರುಗಳೆಲ್ಲ ಅದೇ ವಾರ ಎತ್ತು ಹೊಡೆದುಕೊಂಡು ಬಂದಿದ್ದವು. ಎತ್ತಿನ ಕೊರಳ ಗೆಜ್ಜೆಸರ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಅವನು ಬಸ್ಸಿನ ಕಡೆ ನಡೆದ.

ನಾನು ನಿಮಗೆ ಹೇಳಬೇಕಾದದ್ದು ಇದೇ. ಅವರ ಗಂಟು ಇರುತ್ತದೆ. ಬೇಕಾದ ದಿನವೇ ಅದರ ಬೆಲೆ ಬಿದ್ದಿರುತ್ತದೆ. ಮುಂದಿನ ಮುಂಗಾರು ಚೆನ್ನಾಗಿ ಬಂದರೂ ಹರಗಲು ಎತ್ತಿಲ್ಲ. ಬಾಡಿಗೆಗೆ ಕಾದು ಹದ ತಪ್ಪುತ್ತದೆ. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆ 1975ರಿಂದ ತೆಲಂಗಾಣ, ಮಹಾರಾಷ್ಟ್ರದ ಒಣಭೂಮಿ ಹಳ್ಳಿಗಳಲ್ಲಿ ಮನೆಮನೆಯ ಲೆಕ್ಕ ಬರೆದಿಟ್ಟಿತು. ಆ ಲೆಕ್ಕ ಹಿಡಿದು ರೋಸೆನ್‌ಝ್ವೈಗ್ ಮತ್ತು ವೋಲ್ಪಿನ್ ಎಂಬ ಅರ್ಥಶಾಸ್ತ್ರಜ್ಞರು 1993ರಲ್ಲಿ ತೋರಿಸಿದ್ದೂ ಇದನ್ನೇ: ಆದಾಯ ಕುಸಿದಾಗ ಎತ್ತು ಮಾರಿ ಹೊಟ್ಟೆ ತುಂಬಿಸಿಕೊಳ್ಳುವ ಮನೆ, ಬೇಸಾಯಕ್ಕೆ ಬೇಕಾದಷ್ಟು ಎತ್ತುಗಳನ್ನು ಇಟ್ಟುಕೊಳ್ಳಲಾಗದೆ ಸೊರಗುತ್ತದೆ.

ಸರ್ಕಾರದ ಮಾತಿಗೆ ಬರೋಣ. 2023ರ ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ರಾಜ್ಯದ ಬೆಳೆ ಪರಿಹಾರದ ಮೊದಲ ಕಂತು ರೈತನಿಗೆ ಗರಿಷ್ಠ 2,000 ರೂಪಾಯಿ, ಅದೂ ಹೊಸ ವರ್ಷ ಹುಟ್ಟಿದ ಮೇಲೆ. ಕೇಂದ್ರದಿಂದ 3,454 ಕೋಟಿ ಬಿಡುಗಡೆಯಾದದ್ದು 2024ರ ಏಪ್ರಿಲ್ ಕೊನೆಗೆ, ರಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಬಳಿಕ. ಅಷ್ಟು ದಿನ ಒಲೆ ಕಾಯುವುದಿಲ್ಲ. ಮೇಸ್ತ್ರಿ ಮುಂಗಡದ ನೋಟು ಹಿಡಿದು ದೀಪಾವಳಿಗೇ ಬಾಗಿಲಿಗೆ ಬರುತ್ತಾನೆ. ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗಂಡ ಹೆಂಡತಿ ಇಬ್ಬರೂ ಹೊರಡುತ್ತಾರೆ, ಮಗುವಿನ ಶಾಲೆ ಅಲ್ಲಿಗೆ ನಿಲ್ಲುತ್ತದೆ. ಕೈಚಾಚುವುದು ಎಂದಿರಲ್ಲ, ಆ ಮಾತು ನನಗೆ ನೋವು ಕೊಟ್ಟಿತು.

ಇನ್ನು ಮದುವೆ. ಸಾಲ ಮಾಡಿ ಊರಿಗೆಲ್ಲ ಊಟ ಹಾಕುವುದನ್ನು ನಾನೂ ಮೆಚ್ಚುವವನಲ್ಲ. ಆದರೆ ಇಕ್ರಿಸ್ಯಾಟ್‌ನ ಅದೇ ಹಳ್ಳಿಗಳಲ್ಲಿ ಇನ್ನೊಂದು ಸಂಗತಿ ಕಂಡುಬಂದಿದೆ: ಮಳೆಯ ಭಯ ಹೆಚ್ಚಿದ್ದ ಮನೆಗಳು ಹೆಣ್ಣುಮಕ್ಕಳನ್ನು ದೂರದ ಊರುಗಳಿಗೆ ಕೊಟ್ಟಿದ್ದವು. ಒಂದೇ ಮೋಡವನ್ನು ನಂಬಿದ ಎರಡು ಮನೆ ಒಂದಕ್ಕೊಂದು ಆಸರೆಯಾಗಲಾರವು. ನಮ್ಮ ಕಡೆಯೂ ಬರದ ವರ್ಷ ಬೀಗರ ಊರಿಂದ ಜೋಳದ ಚೀಲ ಬಂದಿಳಿಯುವುದನ್ನು ನೋಡಿದ್ದೇನೆ. ನೀವು ದುಂದು ಎಂದ ಆ ಮದುವೆಯಿಂದ ಬೆಳೆದ ನಂಟು ಅದು. ಬೀಗರ ಊರಲ್ಲೂ ಮಳೆ ಹೋದ ವರ್ಷವೇ ಮನೆಗೆ ಬೀಗ ಬೀಳುತ್ತದೆ.